ಡ್ರೋನ್ ವಿಡಿಯೋ ಎಲ್ಲಿಡೋದು ಗುರು? ಪದೇ ಪದೇ ಕೇಳುವ ಪ್ರಶ್ನೆಗಳು

ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ. ನಾಲ್ಕು ಕಡೆ ರನ್‌ವೇ ಇಟ್ಟುಕೊಂಡಿರುವ ಊರು ನಮ್ಮದು. ಹಾಗಾಗಿ ಬೆಂಗಳೂರಿನ ಒಳಗೆ ಡ್ರೋನ್ ಹಾರಿಸುವ ಆಸೆ ಬಿಟ್ಟು, ಭಾನುವಾರ ಬೆಳಿಗ್ಗೆ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ಮ್ಯಾಪ್‌ನಲ್ಲಿ ಹಸಿರು ಕಾಣುವ (ಅನುಮತಿ ಕೇಳದೆ ಹಾರಿಸಬಹುದಾದ) ಜಾಗ ಹುಡುಕಿಕೊಂಡು ನಾವು ನಾಲ್ಕೈದು ಜನ ಊರಾಚೆ ಹೋಗುತ್ತೇವೆ. ವಾಪಸ್ ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತರೆ ಮಾತು ಕೊನೆಗೆ ಒಂದೇ ಕಡೆ ಬರುತ್ತದೆ: "ಲ್ಯಾಪ್‌ಟಾಪ್ ತುಂಬಿಹೋಯ್ತು, ಏನ್ ಮಾಡ್ಲಿ?" ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟೆ.

## ಶುರುವಿಗೆ

20 ನಿಮಿಷ ಹಾರಿಸಿದ್ದಕ್ಕೆ 15 ಜಿಬಿ ತಿಂದಿದೆ. ಏನಾದರೂ ಸೆಟ್ಟಿಂಗ್ ತಪ್ಪಾಗಿದೆಯಾ ಸಾರ್?

ಏನೂ ತಪ್ಪಾಗಿಲ್ಲ. ಫೈಲ್ ಎಷ್ಟು ದೊಡ್ಡದಾಗುತ್ತದೆ ಎಂದು ತಿಳಿಯಲು ಬಿಟ್‌ರೇಟ್ ನೋಡಬೇಕು. ಸೆಕೆಂಡಿಗೆ 100 ಮೆಗಾಬಿಟ್ ಎಂದಿದ್ದರೆ ಎಂಟರಿಂದ ಭಾಗಿಸಿ, 12.5 ಎಂಬಿ ಆಯಿತು. ನಿಮಿಷಕ್ಕೆ 750 ಎಂಬಿ, 20 ನಿಮಿಷಕ್ಕೆ 15 ಜಿಬಿ. ನಿಮ್ಮ ಡ್ರೋನ್ 150 ಮೆಗಾಬಿಟ್‌ನದಾದರೆ ಅದೇ 20 ನಿಮಿಷ 22.5 ಜಿಬಿ ಬೇಡುತ್ತದೆ.

ಈ ಲೆಕ್ಕವನ್ನು ಒಮ್ಮೆ ವರ್ಷಕ್ಕೆ ಹಾಕಿ ನೋಡಿ. ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ, ಹೋದಾಗ ಎರಡು ಬ್ಯಾಟರಿ ಖಾಲಿ ಮಾಡುತ್ತೇನೆ. ಸಲಕ್ಕೆ 30 ಜಿಬಿ, ತಿಂಗಳಿಗೆ 60, ವರ್ಷಕ್ಕೆ 720. ಡಿಸ್ಕ್ ಕೊಳ್ಳುವ ಮೊದಲು ಈ ಸಂಖ್ಯೆ ಗೊತ್ತಿದ್ದರೆ ಆರು ತಿಂಗಳಿಗೊಮ್ಮೆ ಅಂಗಡಿಗೆ ಓಡುವುದು ತಪ್ಪುತ್ತದೆ.

1080ಪಿಗೆ ಇಳಿಸಿದರೆ, ಇಲ್ಲಾ ಎಚ್.265 ಹಾಕಿದರೆ ಜಾಗ ಉಳಿಯುತ್ತಲ್ವಾ?

1080ಪಿಗೆ ಇಳಿಸಿದರೆ ಉಳಿಯುತ್ತದೆ. ಆದರೆ ಮುಂದೆ ದೊಡ್ಡ ಟಿವಿಯಲ್ಲಿ ನೋಡುವಾಗ ಹೊಟ್ಟೆ ಉರಿಯುತ್ತದೆ. ಎಚ್.265 ಎಂದರೆ ವಿಡಿಯೋ ಹಿಂಡುವ ಹೊಸ ವಿಧಾನ (ಕೋಡೆಕ್), ಹಳೆಯದು ಎಚ್.264. ಇದರಲ್ಲಿ ಒಂದು ಮಜಾ ಇದೆ. ಹಲವು ಡ್ರೋನ್‌ಗಳು ಎರಡೂ ಕೋಡೆಕ್‌ಗೆ ಒಂದೇ ಗರಿಷ್ಠ ಬಿಟ್‌ರೇಟ್ ಇಟ್ಟಿರುತ್ತವೆ. ಆಗ ಫೈಲ್ ಚಿಕ್ಕದಾಗುವುದಿಲ್ಲ, ಅಷ್ಟೇ ಜಾಗದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಅದೂ ಒಳ್ಳೆಯದೇ.

ನನ್ನನ್ನು ಕೇಳಿದರೆ ಜಾಗ ಉಳಿಸುವ ಸೆಟ್ಟಿಂಗ್ ಒಂದೇ: ರೆಕಾರ್ಡ್ ಬಟನ್. ಟೇಕ್‌ಆಫ್ ಆದ ತಕ್ಷಣ ಒತ್ತಿ, ಇಳಿಯುವವರೆಗೂ ಬಿಡುವ ಅಭ್ಯಾಸ ನಮ್ಮೆಲ್ಲರಿಗೂ ಇತ್ತು. ಈಗ ಡ್ರೋನ್ ಜಾಗಕ್ಕೆ ಹೋಗಿ ನಿಂತ ಮೇಲೆ ಒತ್ತುತ್ತೇನೆ, ಶಾಟ್ ಮುಗಿದರೆ ನಿಲ್ಲಿಸುತ್ತೇನೆ. ಅರ್ಧಕ್ಕರ್ಧ ಕಡಿಮೆಯಾಗಿದೆ.

ಎಸ್.ಪಿ. ರೋಡಲ್ಲಿ 512 ಜಿಬಿ ಕಾರ್ಡ್ ಅರ್ಧ ರೇಟಿಗೆ ಸಿಗುತ್ತೆ ಅಂತಾರೆ. ತಗೊಳ್ಳಲಾ?

ಎಲ್ಲಿ ಕೊಂಡರೂ ಸರಿ, ಬಿಲ್ ತಗೊಳ್ಳಿ. ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿ. ನಕಲಿ ಕಾರ್ಡ್ ಕಂಪ್ಯೂಟರ್‌ಗೆ 512 ಎಂದು ಸುಳ್ಳು ಹೇಳುತ್ತದೆ, ಒಳಗೆ 32 ಮಾತ್ರ ಇರುತ್ತದೆ. ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡನ್ನು ಪೂರ್ತಿ ತುಂಬಿಸಿ, ತಿರುಗಿ ಓದಿ, ನಿಜ ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಕಾರ್ಡ್ ಮೇಲೆ ವಿ30 ಅಥವಾ ಯು3 ಗುರುತು ಇರಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ. 150 ಮೆಗಾಬಿಟ್ ಎಂದರೂ 19 ಎಂಬಿ ದಾಟುವುದಿಲ್ಲ, ಸಾಕು. ಇನ್ನೊಂದು ಮಾತು: ಒಂದು 512ರ ಬದಲು ನಾನು ಎರಡು ಮೂರು 128 ಇಟ್ಟುಕೊಳ್ಳುತ್ತೇನೆ. ಡ್ರೋನ್ ಕೆರೆಗೆ ಬಿದ್ದರೆ ಅವತ್ತಿನ ಒಂದು ಬ್ಯಾಟರಿಯ ವಿಡಿಯೋ ಮಾತ್ರ ಮುಳುಗಬೇಕು, ತಿಂಗಳಿನದ್ದಲ್ಲ.

ಒಂದೇ ಶಾಟ್ ಮೂರು ಫೈಲ್ ಆಗಿ ಬಂದಿದೆ. ಕಾರ್ಡ್ ಹೋಯ್ತಾ?

ಇಲ್ಲ. ಕಾರ್ಡ್‌ನಲ್ಲಿ ಫೈಲ್ ಜೋಡಿಸುವ ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 100 ಮೆಗಾಬಿಟ್‌ನಲ್ಲಿ ಅದು ಸುಮಾರು ಐದೂವರೆ ನಿಮಿಷ. ಕಾರ್ಡ್ ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಯದ್ದಾಗಿದ್ದರೂ ಕೆಲವು ಡ್ರೋನ್‌ಗಳು ಹಾಗೇ ತುಂಡು ಮಾಡುತ್ತವೆ. ಎಡಿಟಿಂಗ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟರೆ ಸೇರಿಕೊಳ್ಳುತ್ತವೆ.

1 ಟಿಬಿ ಡಿಸ್ಕ್ ತಂದರೆ 931 ಜಿಬಿ ತೋರಿಸುತ್ತೆ. ಅಂಗಡಿಯವನು ಟೋಪಿ ಹಾಕಿದನಾ?

ಪಾಪ, ಅವನನ್ನು ಬೈಯಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ ಇದೆ.

## ಮನೆಗೆ ಬಂದ ಮೇಲೆ

ಕಾರ್ಡನ್ನು ಯಾವಾಗ ಖಾಲಿ ಮಾಡಬಹುದು?

ವಿಡಿಯೋ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಕೂತು, ನೀವು ತೆರೆದು ನೋಡಿದ ಮೇಲೆ. ಅಲ್ಲಿಯವರೆಗೂ ಕಾರ್ಡೇ ನಿಮ್ಮ ಎರಡನೇ ಕಾಪಿ.

ನನ್ನ ಭಾನುವಾರ ಹೀಗಿರುತ್ತದೆ. ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಕಾರ್ಡನ್ನು ರೀಡರ್‌ಗೆ ಹಾಕಿ ಕಾಪಿ ಒತ್ತುತ್ತೇನೆ. ಹಳೆಯ ಯುಎಸ್‌ಬಿ 2 ರೀಡರ್ ಇದ್ದಾಗ 30 ಜಿಬಿಗೆ ಹದಿನೇಳು ಹದಿನೆಂಟು ನಿಮಿಷ ಬೇಕಾಗುತ್ತಿತ್ತು. ಯುಎಸ್‌ಬಿ 3 ರೀಡರ್ ತಂದ ಮೇಲೆ ಐದಾರು ನಿಮಿಷ. ಸಾರು ಅನ್ನ ಮುಗಿದು ಮಜ್ಜಿಗೆಗೆ ಬರುವ ಹೊತ್ತಿಗೆ ಒಂದು ಕಾಪಿ ಆಗಿರುತ್ತದೆ. ಆಮೇಲೆ ಎರಡನೇ ಡಿಸ್ಕಿಗೆ. ಖಾಲಿ ಮಾಡಬೇಕಾದ ಕಾರ್ಡನ್ನು ಉಲ್ಟಾ ತಿರುಗಿಸಿ ಡಬ್ಬಿಯಲ್ಲಿಡುತ್ತೇನೆ. ಮುಂದಿನ ಸಲ ಹೊರಡುವ ಮೊದಲು ಡ್ರೋನ್‌ನಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ, ಕಂಪ್ಯೂಟರ್‌ನಲ್ಲಿ ಅಲ್ಲ.

'ಕಟ್' ಒತ್ತಿ 'ಪೇಸ್ಟ್' ಮಾಡುವ ಚಾಳಿ ಇದ್ದರೆ ಇವತ್ತೇ ಬಿಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಯಾವ ಫೈಲ್ ಎಲ್ಲಿದೆ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ನನ್ನ ಹತ್ತಿರ ನ್ಯೂ ಫೋಲ್ಡರ್ 1, 2, 3 ಅಂತ ಮೂವತ್ತಿವೆ. ಹೆಸರು ಹೇಗಿಡೋದು?

ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಕೊನೆಗೆ ಜಾಗ. 2024-03-17-ಮಾಗಡಿ-ಕೆರೆ, ಹೀಗೆ. ಈ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನಾಗಿಯೇ ದಿನಾಂಕದ ಸಾಲಿನಲ್ಲಿ ಜೋಡಿಸುತ್ತದೆ. 17-03-2024 ಎಂದು ಬರೆದರೆ ಎಲ್ಲ ತಿಂಗಳ 17ನೇ ತಾರೀಕೂ ಒಟ್ಟಿಗೆ ಬಂದು ಕೂರುತ್ತವೆ. ಕನ್ನಡದಲ್ಲಿ ಹೆಸರಿಡಬಹುದಾ ಎಂದು ಕೇಳುತ್ತಾರೆ. ಇಡಬಹುದು, ಈಗಿನ ಡಿಸ್ಕ್‌ಗಳಿಗೆ ತೊಂದರೆ ಇಲ್ಲ. ಹಳೆಯ ಟಿವಿ ಅಥವಾ ಯಾವುದೋ ಸಣ್ಣ ತಂತ್ರಾಂಶ ಚೌಕ ಚೌಕ ತೋರಿಸಬಹುದು, ಅಷ್ಟೇ.

ಒಂದು ದಿನ, ಒಂದು ಫೋಲ್ಡರ್. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಹಳೇ ಡ್ರೋನ್ ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಫೈಲ್ ಹೆಸರನ್ನು ಮತ್ತೆ 0001ರಿಂದ ಶುರು ಮಾಡುತ್ತಿತ್ತು. ಎಲ್ಲವನ್ನೂ 'ಡ್ರೋನ್' ಎಂಬ ಒಂದೇ ಫೋಲ್ಡರ್‌ಗೆ ಸುರಿಯುತ್ತಿದ್ದೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ 'ರಿಪ್ಲೇಸ್ ಆಲ್' ಒತ್ತಿಬಿಟ್ಟೆ. ಹಿಂದಿನ ತಿಂಗಳ ಹನ್ನೊಂದು ಫೈಲ್ ಹೋಗಿ ಹೊಸ ಹನ್ನೊಂದು ಅದರ ಮೇಲೆ ಕೂತವು. ಕಂಪ್ಯೂಟರ್ ಕೇಳಿಯೇ ಕೇಳಿತ್ತು, ಹೂಂ ಅಂದವನು ನಾನು.

ಎಸ್‌ಆರ್‌ಟಿ, ಎಲ್‌ಆರ್‌ಎಫ್ ಅಂತ ಏನೇನೋ ಫೈಲ್ ಬರುತ್ತವಲ್ಲ, ಅಳಿಸಲಾ?

ಎಸ್‌ಆರ್‌ಟಿ ಇಟ್ಟುಕೊಳ್ಳಿ. ಅದು ಬರೀ ಅಕ್ಷರದ ಫೈಲ್, ಜಾಗವೇ ತಿನ್ನುವುದಿಲ್ಲ. ಯಾವ ಕ್ಷಣದಲ್ಲಿ ಡ್ರೋನ್ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಶಟರ್ ಎಷ್ಟು, ಐಎಸ್‌ಒ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ಅದೇ ಶಾಟ್ ತೆಗೆಯಬೇಕೆಂದರೆ ಇದೇ ದಾರಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಮಿತಿ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ. ಮಿತಿಯಲ್ಲೇ ಹಾರಿಸಿದ್ದೆ ಎಂದು ತೋರಿಸುವುದಕ್ಕೂ ಇದು ಬೇಕು. ಹಾಗೆಯೇ ಯಾರಿಗಾದರೂ ಮೂಲ ಫೈಲ್ ಕೊಡುವಾಗ ಎಸ್‌ಆರ್‌ಟಿ ಸೇರಿಸಬೇಡಿ. ತಾರಸಿ ಮೇಲಿಂದ ಹಾರಿಸಿದ್ದರೆ ನಿಮ್ಮ ಮನೆಯ ಜಾಗವನ್ನೇ ಕೈಗಿಟ್ಟಂತೆ.

ಎಲ್‌ಆರ್‌ಎಫ್ ಎನ್ನುವುದು ಅದೇ ವಿಡಿಯೋದ ಚಿಕ್ಕ ರೂಪ, ಫೋನಿನಲ್ಲಿ ಬೇಗ ತೋರಿಸಲು ಡ್ರೋನ್ ಮಾಡಿಕೊಂಡದ್ದು. ಕೊನೆಯ ಹೆಸರನ್ನು ಎಂಪಿ4 ಎಂದು ಬದಲಿಸಿದರೆ ಮಾಮೂಲಿ ವಿಡಿಯೋದಂತೆ ಓಡುತ್ತದೆ. ಲ್ಯಾಪ್‌ಟಾಪ್ ಹಳೇದಾಗಿದ್ದರೆ ಇದರಲ್ಲೇ ನೋಡಿ, ಯಾವುದು ಬೇಕು ಯಾವುದು ಬೇಡ ಎಂದು ಗುರುತು ಹಾಕಿಕೊಳ್ಳಿ. ಆರಿಸಿ ಮುಗಿದ ಮೇಲೆ ಅಳಿಸಿ.

ಅಳಿಸೋಕೆ ಮನಸ್ಸೇ ಬರಲ್ಲ. ಯಾವುದನ್ನ ಇಟ್ಟುಕೊಳ್ಳೋದು?

ಡಿಸ್ಕ್ ಕೊಳ್ಳುವುದಕ್ಕಿಂತ ಇದು ಕಷ್ಟ. ಅದೇ ದಿನ ಸಂಜೆ ಆರಿಸಿದರೆ ಸುಲಭ. ವಾರ ಕಳೆದರೆ ಯಾವ ಶಾಟ್ ಯಾಕೆ ತೆಗೆದೆ ಎಂಬುದೇ ಮರೆತುಹೋಗಿರುತ್ತದೆ, ಆರು ತಿಂಗಳು ಕಳೆದರೆ ಸುಮ್ನೆ ಎಲ್ಲ ಇರಲಿ ಬಿಡು ಅನಿಸುತ್ತದೆ.

ಕಣ್ಣು ಮುಚ್ಚಿ ಅಳಿಸಬಹುದಾದವು: ನೆಲದ ಮೇಲೆ ನಿಂತಾಗ ರೆಕಾರ್ಡ್ ಆದದ್ದು, ಒಂದೇ ಶಾಟ್‌ನ ಆರು ಟೇಕ್‌ಗಳಲ್ಲಿ ಐದು, ಫೋಕಸ್ ತಪ್ಪಿದ್ದು, ಬ್ಯಾಟರಿ ಮುಗಿಯುತ್ತಿದೆ ಎಂದು ಗಾಬರಿಯಲ್ಲಿ ಓಡಿ ಬಂದದ್ದು. ಇಷ್ಟು ಹೋದರೆ ನನ್ನ 30 ಜಿಬಿ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ.

ಆದರೆ 'ಬೋರಿಂಗ್' ಎಂಬ ಒಂದೇ ಕಾರಣಕ್ಕೆ ಅಳಿಸಬೇಡಿ. 2022ರ ಮಳೆಗಾಲ ನೆನಪಿದೆಯಲ್ಲ, ಎಲ್ಲಿ ನೋಡಿದರೂ ನೀರು. ಮಾಗಡಿ ಕಡೆ ನಮ್ಮ ಮಾವನ ಊರಿನ ಕೆರೆ ಕೋಡಿ ಬಿದ್ದಿತ್ತು. ಕೋಡಿಯ ಹತ್ತಿರ ಜನ ಬಾಗಿನ ಬಿಡುತ್ತಿದ್ದ ಶಾಟ್ ಚೆನ್ನಾಗಿ ಬಂದಿತ್ತು, ಇಟ್ಟುಕೊಂಡೆ. ಏರಿಯ ಮೇಲೆ ನಿಂತು ಕೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತೋರಿಸಿದ ಎರಡು ನಿಮಿಷದ ಶಾಟ್ ಸಪ್ಪೆ ಅನಿಸಿತು, ತೆಗೆದುಹಾಕಿದೆ. 2024ರ ಮಾರ್ಚ್‌ನಲ್ಲಿ ಹೋದರೆ ಅದೇ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಏರಿಯ ಮೇಲೆ ಅದೇ ಜಾಗದಲ್ಲಿ ನಿಂತು ಅದೇ ಥರ ತೆಗೆದೆ. ಪಕ್ಕದಲ್ಲಿಡಲು ಹಳೆಯದಿಲ್ಲ. ಮಾವ ಇವತ್ತಿಗೂ ಕೇಳುತ್ತಾರೆ, "ಅಳಿಯಂದ್ರೇ, ನೀರು ತುಂಬಿದ್ದು ತೆಗೆದಿದ್ರಲ್ಲ, ಎಲ್ಲಿ?"

ಹಾಗಾಗಿ ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ. ಪ್ರತಿ ಜಾಗದಲ್ಲೂ ಒಂದು ಅಗಲವಾದ, ಅಲುಗಾಡದ, 30 ಸೆಕೆಂಡಿನ ಶಾಟ್. 400 ಎಂಬಿ ಕೂಡ ಆಗುವುದಿಲ್ಲ. ಅದು ಎಷ್ಟು ಸಪ್ಪೆಯಾಗಿದ್ದರೂ ಇರುತ್ತದೆ.

ಪೂರ್ತಿ ಅಳಿಸದೆ ಬೇಡದ ಭಾಗ ಮಾತ್ರ ಕತ್ತರಿಸಬಹುದಾ?

ಧಾರಾಳವಾಗಿ. ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡದೆ ಹಾಗೇ ತುಂಡು ಮಾಡುತ್ತದೆ. ಗುಣಮಟ್ಟ ಕಡಿಮೆಯಾಗುವುದಿಲ್ಲ, ಕೆಲಸ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕೀಫ್ರೇಮ್ (ಪೂರ್ತಿ ಚಿತ್ರ ಉಳಿಸಿದ ಫ್ರೇಮ್) ಇರುವ ಕಡೆ ಮಾತ್ರ ಕತ್ತರಿಸುವುದರಿಂದ ನೀವು ಹೇಳಿದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದ ಶುರುವಾಗಬಹುದು. ಕತ್ತರಿಸಿದ ಮೇಲೆ ಹಳೆಯ ಎಸ್‌ಆರ್‌ಟಿಯ ಸಮಯ ಹೊಂದುವುದಿಲ್ಲ, ಎಷ್ಟು ಸೆಕೆಂಡ್ ತೆಗೆದಿರಿ ಎಂದು ಹೆಸರಿನಲ್ಲೇ ಬರೆದಿಡಿ.

## ಡಿಸ್ಕ್ ಮತ್ತು ಬ್ಯಾಕಪ್

ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿನಾ?

ಎಡಿಟ್ ಮಾಡಲು ಎಸ್‌ಎಸ್‌ಡಿ, ಕೂಡಿಡಲು ಹಾರ್ಡ್ ಡಿಸ್ಕ್. ಅದೇ ದುಡ್ಡಿಗೆ ಹಾರ್ಡ್ ಡಿಸ್ಕಿನಲ್ಲಿ ಜಾಗ ಜಾಸ್ತಿ ಸಿಗುತ್ತದೆ. ಎಸ್‌ಎಸ್‌ಡಿ ಬಿದ್ದರೂ ತಡೆಯುತ್ತದೆ, ನಿಜ. ಆದರೆ ಕರೆಂಟ್ ಕಾಣಿಸದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರೊಳಗಿನ ಚಾರ್ಜ್ ಸೋರಿ ವಿಡಿಯೋ ಹಾಳಾಗುವ ಅಪಾಯವಿದೆ, ಅದರಲ್ಲೂ ಚೆನ್ನಾಗಿ ಸವೆದ ಡಿಸ್ಕಿನಲ್ಲಿ.

ಹಾರ್ಡ್ ಡಿಸ್ಕಿಗೆ ಬೀಳುವುದೇ ಯಮ. ನನ್ನದು ಓಡುತ್ತಿರುವಾಗಲೇ ಟೇಬಲ್ ಮೇಲಿಂದ ಬಿತ್ತು, ಕೇಬಲ್ ಕಾಲಿಗೆ ಸಿಕ್ಕಿತ್ತು. ಆಮೇಲೆ ಒಳಗಿಂದ ಟಿಕ್ ಟಿಕ್ ಎಂಬ ಸದ್ದು. ಡೇಟಾ ತೆಗೆದುಕೊಡುವವರೊಬ್ಬರು ಹೇಳಿದ ಮೊತ್ತ ನನ್ನ ಡ್ರೋನ್ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಎರಡನೇ ಕಾಪಿ ಇತ್ತು, ಮನೆಗೆ ಬಂದೆ.

ಎರಡು ಕಾಪಿ ಇದೆಯಲ್ಲ, ಮೂರನೆಯದು ಯಾಕೆ?

ಎರಡೂ ಒಂದೇ ಮನೆಯಲ್ಲಿವೆ, ಅದಕ್ಕೆ. ಫೋಟೋಗ್ರಾಫರ್‌ಗಳು 3-2-1 ಎನ್ನುತ್ತಾರೆ: ಮೂರು ಕಾಪಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಳ್ಳ ಬಂದರೆ ಎರಡೂ ಡಿಸ್ಕ್ ಒಟ್ಟಿಗೆ ಹೋಗುತ್ತವೆ. ನೆಲಮಹಡಿಗೆ ನೀರು ನುಗ್ಗಿದರೂ ಅಷ್ಟೇ.

ನನ್ನ ಮೂರನೇ ಡಿಸ್ಕ್ ತುಮಕೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಯುಗಾದಿಗೆ ಹೋದಾಗ ಹೊಸದು ಕೊಟ್ಟು ಹಳೆಯದು ತರುತ್ತೇನೆ, ದೀಪಾವಳಿಗೆ ಮತ್ತೆ ಅದಲು ಬದಲು. ಮೊದಲ ಸಲ ಬಟ್ಟೆ ಸುತ್ತಿದ ಡಬ್ಬಿ ಕೊಟ್ಟಾಗ ಅಕ್ಕ, "ಏನೋ ಇದು, ಒಡವೆನಾ?" ಅಂದಳು. ಈಗ ಒಡವೆಯ ಪಕ್ಕದಲ್ಲೇ ಇಡುತ್ತಾಳೆ.

ಗೂಗಲ್‌ಗೆ ಹಾಕಿಬಿಟ್ಟರೆ ಆಯ್ತಲ್ವಾ?

ಉಚಿತವಾಗಿ ಸಿಗುವುದು 15 ಜಿಬಿ, ಅಂದರೆ ನಿಮ್ಮ ಒಂದು ಬ್ಯಾಟರಿ. ದುಡ್ಡು ಕೊಟ್ಟು ಜಾಸ್ತಿ ಕೊಂಡರೂ ಕಳಿಸುವ ವೇಗ ನೋಡಿ. ಅಪ್‌ಲೋಡ್ 40 ಮೆಗಾಬಿಟ್ ಇದ್ದರೆ ಸೆಕೆಂಡಿಗೆ 5 ಎಂಬಿ. 1 ಟಿಬಿ ಹೋಗಲು ಒಂದು ಸಲವೂ ನಿಲ್ಲದೆ 55 ಗಂಟೆ. ಅಸಾಧ್ಯವೇನಲ್ಲ, ರಾತ್ರಿ ರಾತ್ರಿ ಹಾಕಿದರೆ ಒಂದು ವಾರದ ಕೆಲಸ. ನಾನು ಕ್ಲೌಡ್‌ಗೆ ಹಾಕುವುದು ಎಡಿಟ್ ಮಾಡಿ ಮುಗಿಸಿದ ವಿಡಿಯೋ ಮತ್ತು ವರ್ಷದ ಅತ್ಯುತ್ತಮ ಇಪ್ಪತ್ತು ಮೂವತ್ತು ಶಾಟ್ ಮಾತ್ರ.

ಗೂಗಲ್ ಫೋಟೋಸ್‌ನಲ್ಲಿ 'ಸ್ಟೋರೇಜ್ ಸೇವರ್' ಆನ್ ಇದ್ದರೆ 4ಕೆ ವಿಡಿಯೋ 1080ಪಿಗೆ ಇಳಿಯುತ್ತದೆ, ನೋಡಿಕೊಳ್ಳಿ. ಯೂಟ್ಯೂಬ್ ಬ್ಯಾಕಪ್ ಅಲ್ಲವೇ ಅಲ್ಲ. ಅದೂ ಹಿಂಡಿಯೇ ಇಡುತ್ತದೆ.

ಮಳೆಗಾಲದಲ್ಲಿ ಡಿಸ್ಕ್ ಎಲ್ಲಿಡಲಿ?

ಗಾಳಿಯಾಡದ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ. ಅಡುಗೆಮನೆ ಮತ್ತು ಬಚ್ಚಲಿನ ಗೋಡೆಗೆ ಅಂಟಿದ ಬೀರು ಬೇಡ. ಬೆಂಗಳೂರಿನಲ್ಲಿ ಇಷ್ಟು ಸಾಕು.

## ಸ್ವಲ್ಪ ಆಳಕ್ಕೆ

ನ್ಯಾಸ್ ಹಾಕಿಸಿ ರೇಡ್ ಮಾಡಿಬಿಟ್ಟರೆ ಬ್ಯಾಕಪ್ ಚಿಂತೆ ಮುಗೀತಲ್ವಾ?

ಮುಗಿಯುವುದಿಲ್ಲ. ನ್ಯಾಸ್ ಎಂದರೆ ಮನೆಯ ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ, ರೇಡ್ ಎಂದರೆ ಅದರೊಳಗಿನ ಹಲವು ಡಿಸ್ಕ್‌ಗಳನ್ನು ಒಂದಾಗಿ ಓಡಿಸುವ ಪದ್ಧತಿ. ರೇಡ್ 1ರಲ್ಲಿ ಎರಡು ಡಿಸ್ಕ್ ಒಂದೇ ಥರ ಇರುತ್ತವೆ, ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಆದರೆ ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಹೋಗುತ್ತದೆ. ವೈರಸ್ ಬಂದರೂ ಹಾಗೇ. ಹಾಗಾಗಿ ನ್ಯಾಸ್ ಇದ್ದರೂ ಹೊರಗೊಂದು ಡಿಸ್ಕ್ ಬೇಕೇ ಬೇಕು.

ಮೂರು ನಾಲ್ಕು ಟಿಬಿ ದಾಟುವವರೆಗೆ ನ್ಯಾಸ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ತಗೊಂಡರೆ ಯುಪಿಎಸ್ ಜೊತೆಗೇ ತಗೊಳ್ಳಿ, ಬರೆಯುವ ಮಧ್ಯೆ ಕರೆಂಟ್ ಹೋಗಬಾರದು. ಹಾರ್ಡ್ ಡಿಸ್ಕಿನಲ್ಲಿ ಬರೆಯುವ ರೀತಿ ಎರಡು, ಸಿಎಂಆರ್ ಮತ್ತು ಎಸ್‌ಎಂಆರ್. ಕೊಳ್ಳುವಾಗ ಸಿಎಂಆರ್ ಹೌದೋ ಎಂದು ಕೇಳಿ. ಎಸ್‌ಎಂಆರ್ ಡಿಸ್ಕ್ ಅಗ್ಗ, ಆದರೆ ಸತ್ತ ಡಿಸ್ಕ್ ಬದಲಿಸಿ ರೇಡ್ ಮತ್ತೆ ಕಟ್ಟುವಾಗ ತೀರಾ ನಿಧಾನವಾಗುತ್ತದೆ.

ಕಾಪಿ ಸರಿಯಾಗಿ ಆಗಿದೆ ಅಂತ ಹೇಗೆ ನಂಬೋದು?

ಸೈಜ್ ಒಂದೇ ಇದ್ದರೆ ಸಾಲದು, ಚೆಕ್‌ಸಮ್ ಒಂದೇ ಇರಬೇಕು. ಫೈಲ್‌ನ ಪ್ರತಿ ಬಿಟ್ ಓದಿ ತೆಗೆದ ಬೆರಳಚ್ಚು ಅಂದುಕೊಳ್ಳಿ. ಒಂದು ಬಿಟ್ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಟೆರಾಕಾಪಿಯ 'ವೆರಿಫೈ' ಆನ್ ಮಾಡಿದರೆ ಕಾಪಿ ಮುಗಿದ ಮೇಲೆ ತಾನೇ ಹೋಲಿಸುತ್ತದೆ. ಮ್ಯಾಕ್, ಲಿನಕ್ಸ್‌ನವರಿಗೆ ಆರ್‌ಸಿಂಕ್ ಇದೆ. ಚೆಕ್‌ಸಮ್ ಪಟ್ಟಿಯನ್ನು ಫೋಲ್ಡರ್ ಒಳಗೇ ಇಟ್ಟರೆ ವರ್ಷಕ್ಕೊಮ್ಮೆ ಡಿಸ್ಕ್ ಓಡಿಸಿ ಮತ್ತೆ ಪರೀಕ್ಷಿಸಬಹುದು.

ಸಿಂಕ್ ತಂತ್ರಾಂಶಗಳಲ್ಲಿ 'ಮಿರರ್' ಎಂಬ ಆಯ್ಕೆ ಒತ್ತುವ ಮೊದಲು ಎರಡು ಸಲ ಯೋಚಿಸಿ. ಈ ಕಡೆ ಇಲ್ಲದ್ದನ್ನು ಆ ಕಡೆಯಿಂದಲೂ ಅಳಿಸುತ್ತದೆ.

ಹಳೇ ವಿಡಿಯೋ ಎಲ್ಲ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಹಾಕಿ ಚಿಕ್ಕದು ಮಾಡಬಹುದಂತೆ, ಹೌದಾ?

ಹೌದು, ಎಚ್.265ಗೆ ಬದಲಿಸಿ ಬಿಟ್‌ರೇಟ್ ಇಳಿಸಿದರೆ ಮೂರನೇ ಒಂದು ಭಾಗಕ್ಕೂ ತರಬಹುದು. ಆದರೆ ಒಮ್ಮೆ ಹಿಂಡಿದ್ದು ವಾಪಸ್ ಬರುವುದಿಲ್ಲ. ಎಲೆ, ಹುಲ್ಲು, ನೀರಿನ ಅಲೆ ಇರುವ ಶಾಟ್‌ಗಳಲ್ಲಿ ಮೊದಲು ಗೊತ್ತಾಗುತ್ತದೆ, ಎಲ್ಲ ಕಲಸಿದಂತೆ ಕಾಣುತ್ತದೆ. ಲಾಗ್ ಪ್ರೊಫೈಲ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಸಪ್ಪೆಯಾಗಿ) ತೆಗೆದ 10 ಬಿಟ್ ವಿಡಿಯೋವನ್ನು ಮರೆತು 8 ಬಿಟ್‌ಗೆ ಇಳಿಸಿದರೆ ಬಣ್ಣ ತಿದ್ದುವಾಗ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಎರಡನೇ ದರ್ಜೆಯ ಶಾಟ್‌ಗಳಿಗೆ ಮಾಡಿ, ಒಳ್ಳೆಯದನ್ನು ಮುಟ್ಟಬೇಡಿ.

ಡ್ರೋನ್ ಮರಕ್ಕೆ ಬಡಿದು ಬಿತ್ತು. ಫೈಲ್ ಇದೆ, 3 ಜಿಬಿ ತೋರಿಸುತ್ತೆ, ಆದರೆ ತೆರೆಯಲ್ಲ!

ಮೊದಲು ಆ ಕಾರ್ಡಿಗೆ ಏನನ್ನೂ ಬರೆಯಬೇಡಿ. ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಎನ್ನುವ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಬಿದ್ದ ಕ್ಷಣ ಕರೆಂಟ್ ಹೋಯಿತು, ಸೂಚಿ ಬರೆಯಲಾಗಲಿಲ್ಲ. ವಿಡಿಯೋ ಒಳಗೇ ಇದೆ. ಡ್ರೋನ್ ಇನ್ನೂ ಆನ್ ಆಗುತ್ತಿದ್ದರೆ ಅದೇ ಕಾರ್ಡ್ ಹಾಕಿ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಕೆಲವು ಡ್ರೋನ್‌ಗಳು ತಾವೇ ಸರಿಮಾಡುತ್ತವೆ. ಆಗದಿದ್ದರೆ ಅನ್‌ಟ್ರಂಕ್ ಎಂಬ ತಂತ್ರಾಂಶಕ್ಕೆ ಅದೇ ಡ್ರೋನ್‌ನಿಂದ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೈಲ್ ಮಾದರಿಯಾಗಿ ಕೊಟ್ಟರೆ ಸೂಚಿ ಕಟ್ಟಿಕೊಡುತ್ತದೆ. ತಪ್ಪಿ ಅಳಿಸಿದ ಫೈಲ್ ಆದರೆ ಫೋಟೋರೆಕ್ ಪ್ರಯತ್ನಿಸಿ.

ಐದು ಡಿಸ್ಕ್ ಆಗಿವೆ. ಯಾವುದರಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ, ಇನ್ನು ಮನೆಯವರಿಗೆ ಹೇಗೆ?

ಒಂದು ಎಕ್ಸೆಲ್ ಶೀಟ್ ಸಾಕು. ದಿನಾಂಕ, ಜಾಗ, ಡಿಸ್ಕ್ ನಂಬರ್, ಒಂದು ಸಾಲಿನ ವಿವರ. ಭಾನುವಾರ ಕಾಪಿ ಆಗುವ ಹೊತ್ತಿಗೆ ತುಂಬಿಬಿಡಿ. ಡಿಸ್ಕ್ ಮೇಲೆ ನಂಬರ್ ಬರೆದ ಚೀಟಿ ಅಂಟಿಸಿ, ಕೊಂಡ ತಿಂಗಳು ಕೂಡ ಬರೆಯಿರಿ.

ಮನೆಯವರಿಗೆ ಶೀಟ್ ಓದುವ ಉಸಾಬರಿ ಬೇಡ. ಪ್ರತಿ ಡಿಸ್ಕಿನಲ್ಲೂ 'ಮೊದಲು ಇದನ್ನು ನೋಡಿ' ಎಂದು ಒಂದು ಫೋಲ್ಡರ್ ಇಟ್ಟಿದ್ದೇನೆ. ಅದರಲ್ಲಿ ಹತ್ತೇ ವಿಡಿಯೋ, ಟಿವಿಗೆ ಚುಚ್ಚಿದರೆ ಓಡುವಂಥವು. ಹೋದ ದಸರೆಗೆ ಮಾವ ಬಂದಾಗ ಅದನ್ನೇ ಹಾಕಿದೆ. ಕ್ರಿಕೆಟ್ ಆಡುತ್ತಿದ್ದ ಹುಡುಗರಲ್ಲಿ ನಾಲ್ವರನ್ನು ಮೇಲಿಂದಲೇ ಗುರುತು ಹಿಡಿದು, ಯಾರ ಮನೆಯವರು ಎಂದು ಹೇಳಿದರು. ಆ ಹೆಸರುಗಳನ್ನೂ ಶೀಟಿನ ಕೊನೆಯ ಕಾಲಂನಲ್ಲಿ ಬರೆದುಕೊಂಡೆ.